ಬಲಕ್ಕೊಂದು ಬಾಗಿಲು

ಹಲ್ ಅಂತ ಊರು. ಒತ್ತು ಬಿದ್ದುಹೋದ ಹಲ್ಲು.
ಹಂಬರ್ ನದಿ ಇಲ್ಲಿ ಯಾವಾಗಲೂ
ಹಾಲು ಕಮ್ಮಿಯಾದ ಚಹಾದ ಬಣ್ಣ.
ಬಸ್ ಡಿಪೋದ ಹಿಂದಿನ ಶೆಡ್ಡಿನಲ್ಲಿ ನನ್ನ ಕೆಲಸ:
ತಗಡು ಕೊಯ್ಯುವುದು, ತಗಡು ಬೆಸೆಯುವುದು.

ಮೂವತ್ತಾರು ಬಸ್ಸು. ಹದಿನಾಲ್ಕು ವರ್ಷ ಓಡಿದವು.
ಒಂದು ಸರಕಾರ ಕೊಳ್ಳುತ್ತಿದೆ.
ಯಾವ ಸರಕಾರ ಎಂದರೆ ಆಫೀಸಿನ ಗ್ಲೆನ್
ಕರಾರು ಪತ್ರ ತೋರಿಸುತ್ತಾನೆ. ಅದರಲ್ಲಿ
ಅವರ ಹೆಸರು ‘ಕೊಳ್ಳುವವರು’, ನಮ್ಮ ಹೆಸರು ‘ಮಾರುವವರು’,
ಬಸ್ಸಿನ ಹೆಸರು ‘ಸರಕು, ಇದ್ದ ಸ್ಥಿತಿಯಲ್ಲಿ’.

ಇದ್ದ ಸ್ಥಿತಿಯಲ್ಲಿ ಕಳಿಸಿದರೆ ಒಂದು ತೊಡಕು.
ಅಲ್ಲಿ ರಸ್ತೆಯ ಬಲಗಡೆ ಓಡಿಸುತ್ತಾರೆ.
ನಮ್ಮ ಬಾಗಿಲು ಎಡಕ್ಕೆ.
ಇಳಿದವರು ಇಳಿಯುವುದು ನೇರ ಲಾರಿಯ ಬಾಯಿಗೆ.

ಅದಕ್ಕೇ ಬಂದಿದ್ದಾರೆ ಅಫಿವಿ ಅಮೆಗಾ, ಆ ಕಡೆಯ ಇಂಜಿನಿಯರು.
ಜನವರಿ. ಮೂರು ಸ್ವೆಟರಿನ ಮೇಲೆ ನಮ್ಮದೇ ಹಳದಿ ಜಾಕೆಟ್ಟು.
ಕೈಕುಲುಕಿ, ಚಹಾ ಬೇಡವೆಂದು, ರಟ್ಟು ಹಾಸಿಕೊಂಡು
ಮೊದಲ ಬಸ್ಸಿನಡಿ ಅಂಗಾತ ಮಲಗಿದರು.
ಬೂಟು ಮಾತ್ರ ಕಾಣುತ್ತಿತ್ತು. ಅಡಿಯಿಂದ ಟಣ್, ಟಣ್,
ಸಂತೆಯಲ್ಲಿ ಮಡಕೆ ಬಡಿದು ಕೇಳುವವರ ಹಾಗೆ
ಸುತ್ತಿಗೆಯಿಂದ ಚಾಸಿ ಬಡಿದು ಕೇಳುತ್ತಿದ್ದರು.
ಮಧ್ಯಾಹ್ನ ಕಳೆದು ಹೊರಬಂದು ಹೇಳಿದರು:
‘ಏಳನೆಯದು, ಹತ್ತೊಂಬತ್ತನೆಯದು ಬೇಡ.
ತುಕ್ಕಿನ ಮೇಲೆ ಬಣ್ಣ ಬಳಿದಿದ್ದೀರಿ.’
ಗ್ಲೆನ್ ಆಕಾಶ ನೋಡಿದ.
ಬಳಿದವನು ನಾನು. ನನ್ನ ಬೂಟು ನೋಡಿಕೊಂಡೆ.

ಈ ಊರಿಗೆ ಈಗ ಹೊಗೆ ಬೇಡ.
ಕರೆಂಟಿನ ಬಸ್ಸು ಬಂದಿವೆ, ಬೆಕ್ಕಿನ ನಡಿಗೆ.
ಹಾಗಾದರೆ ಹೊಗೆ ನಿಮಗೆ ಕಳಿಸುತ್ತಿದ್ದೇವಲ್ಲ ಎಂದೆ,
ಒಳ್ಳೆಯವನಾಗುವ ಆಸೆ ನನಗೂ ಇತ್ತು.
‘ನಮ್ಮಲ್ಲಿ ಈಗ ಜನ ನಡೆಯುತ್ತಾರೆ,’ ಎಂದರು ಅಫಿವಿ,
‘ಹೊಗೆಯ ಮಾತು ಆಮೇಲೆ ಆಡೋಣ.
ಸ್ಟೀರಿಂಗ್ ಇದ್ದಲ್ಲೇ ಇರಲಿ, ಅದಕ್ಕೆ ಬಜೆಟ್ಟಿನಲ್ಲಿ ಕಾಲಂ ಇಲ್ಲ.
ಬಾಗಿಲು ಬಲಕ್ಕೆ ಬರಲಿ.’

ಬಲಗಾಲಿಟ್ಟು ಬಾ ಅನ್ನುತ್ತಾರೆ ನಮ್ಮ ಕಡೆ ಹೊಸ್ತಿಲಲ್ಲಿ.
ಹೊಸ್ತಿಲನ್ನೇ ಬಲಕ್ಕೆ ಎತ್ತಿಟ್ಟವನು ನಾನೊಬ್ಬನೇ ಇರಬೇಕು.
ಮೂರು ಸೀಟು ಕಿತ್ತೆ, ಎರಡು ಕಂಬ ಕೊಯ್ದೆ,
ಒಗ್ಗರಣೆಯ ಸಾಸಿವೆಯಂತೆ ಕಿಡಿ ತೋಳಿಗೆ ಸಿಡಿಯಿತು.
ಹಳೇ ಬಾಗಿಲಿದ್ದಲ್ಲಿ ತಗಡು ಬೆಸೆದು, ಉಜ್ಜಿ, ಬಿಳಿ ಬಳಿದೆ.
ಹೀಗೆ ಮೂವತ್ತನಾಲ್ಕು ಸಲ.
ಚೆನ್ನಾಗೇ ಬಂತು. ಆದರೂ ಓರೆ ಬಿಸಿಲಿಗೆ ಕಾಣುತ್ತದೆ
ಆಪರೇಷನ್ನಿನ ಹೊಲಿಗೆ.

ಹಡಗಿಗೆ ಮುಟ್ಟಿಸುವ ದಿನ ಹಳೇ ಡ್ರೈವರುಗಳನ್ನೇ ಕರೆದರು.
ಮೊದಲನೆಯದಕ್ಕೆ ಮೊರೀನ್ ಬಿಲ್ಟನ್. ನಾನು ಹಿಂದೆ,
ಹೊಸ ಬಾಗಿಲು ಗಡಗಡ ಎನ್ನುತ್ತದೋ ಎಂದು ಕಿವಿಗೊಟ್ಟು.
ಹೆಡನ್ ರೋಡಿನ ಸ್ಟಾಪಿನಲ್ಲಿ ಒಬ್ಬ ಮುದುಕ,
ಬಗಲಲ್ಲಿ ಮೀನಿನ ಪೊಟ್ಟಣ, ಕೈ ಚಾಚಿದ.
ಮೊರೀನಳ ಕಾಲು ಮೊರೀನಳನ್ನು ಕೇಳಲಿಲ್ಲ.
ಬಸ್ಸು ಬದಿಗೆ ಬಂತು, ನಿಂತಿತು, ಉಸ್ಸೆಂದಿತು,
ಬಾಗಿಲು ತೆರೆಯಿತು
ರಸ್ತೆಯ ಕಡೆಗೆ.

ಮುದುಕ ಕಾದ. ಅವನ ಮೂಗಿನ ಮುಂದೆ ಬಿಳಿ ತಗಡು.
ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ,
ಸರಿಯಾಗಿ ನನ್ನ ಬೆಸುಗೆಯ ಮೇಲೆ.
ಈ ಕಡೆ ಲಾರಿಯೊಂದು ಬೈಯುತ್ತ ಹಾದುಹೋಯಿತು,
ತಣ್ಣನೆ ಗಾಳಿ ಟಿಕೆಟ್ಟಿಲ್ಲದೆ ಒಳಗೆ ಹತ್ತಿತು.
ಗಾಜಿನೊಳಗಿಂದ ಮೊರೀನ್ ಕೈಯಾಡಿಸಿದಳು,
ಇಲ್ಲ ಎಂದೋ, ಹೋಗಿಬರುತ್ತೇನೆ ಎಂದೋ.

ಬಂದರಿನಲ್ಲಿ ಅಫಿವಿ, ಕೈಯಲ್ಲಿ ಪಟ್ಟಿ.
ಬಾಗಿಲು ತೆರೆದರು, ಮುಚ್ಚಿದರು, ತೆರೆದರು,
ಹನ್ನೊಂದು ಸಲ. ‘ಕೆಳಗಿನ ರಬ್ಬರು ಸಡಿಲ’ ಎಂದರು.
ಮಂಡಿಯೂರಿ ಬಿಚ್ಚಿದೆ, ಹೊಸದು ಕೂರಿಸಿದೆ.
ಈ ಸಲ ಏನನ್ನೂ ಬಳಿಯಲಿಲ್ಲ.