ಚೆಂಡಿಗಲ್ಲ

ತೋಡೂರು ಕಾಲೊನಿಯಲ್ಲಿ
ಅರ್ಗೇಕರರ ಮನೆ ಕೇಳಿದರೆ
ಯಾವ ಅರ್ಗೇಕರ ಎಂದರು.
ಅರ್ಗಾ ಈಗ ನೌಕಾನೆಲೆಯ ಗೋಡೆಯಾಚೆ;
ಈಚೆ ಉಳಿದದ್ದು ಅಡ್ಡಹೆಸರು, ಮನೆಗೊಂದು.
ಕೋವಿಯ ಮನೆ ಎಂದೆ. ಬೆರಳು ತೋರಿಸಿದರು.

ಸುಗಂಧಾಬಾಯಿ ಗೋಣಿಚೀಲ ಹಾಸಿ ಅದನ್ನು ಮಲಗಿಸಿದರು:
ಜೋಡು ನಳಿಗೆ, ಎರಡು ಕುದುರೆ,
ಹಿಡಿಯ ಬಿರುಕಿಗೆ ತಾಮ್ರದ ತಂತಿಯ ಹೊಲಿಗೆ.
'ಶಿವಾಜಿ ಕಾಲದ್ದು.'
ಹೂಂಗುಟ್ಟಿದೆ. ವಯಸ್ಸು ಯಾರೂ ಸರಿಯಾಗಿ ಹೇಳುವುದಿಲ್ಲ,
ಬಾಯಿ ತೆರೆಸಿ ನೋಡಬೇಕು.
ಮೂವತ್ತು ವರ್ಷ ಕಾರವಾರದಲ್ಲಿ ಹಲ್ಲು ಕಿತ್ತವನ ಮಾತು.

ಕೀಲು ಬಿಡಿಸಿ, ನಳಿಗೆ ಬೇರೆ ಮಾಡಿ
ದವಾಖಾನೆಯ ಪುಟ್ಟ ಕನ್ನಡಿ, ದೀಪ ಒಳಗಿಳಿಸಿದೆ.
ಬಲಗಡೆಯದು ಶುದ್ಧ. ಎಡದಲ್ಲಿ ಹುಳುಕು,
ದವಡೆಹಲ್ಲಿನಂತೆ, ಮೂರು ಕಡೆ.
ಈಡಿನ ಮೇಲೆ ಒರೆಸದೆ ಇಟ್ಟ ಯಾವುದೋ ಮಳೆಗಾಲ.
ಹೊರಮೈಗೆ ಸೀಮೆಎಣ್ಣೆಯ ಬಟ್ಟೆ ಎಳೆದಾಗ
ತುಕ್ಕಿನಡಿಯಿಂದ ಎದ್ದಿತು ಉಕ್ಕಿನ ಹೆಣಿಗೆ,
ಇಳಿತದ ನೀರು ದೇವಬಾಗದ ಮರಳಲ್ಲಿ
ಬಿಟ್ಟುಹೋಗುವ ಸುರುಳಿಸುರುಳಿ ಗೆರೆ.
ಎಳೆ ಹೊಸೆದು, ಹಗ್ಗದಂತೆ ಸುತ್ತಿ ಬಡಿದ ಕೈ,
ಆ ಕೈಯ ಹೆಸರು ಎಲ್ಲೂ ಇಲ್ಲ.
ಮಾರಿದವನದು ಇದೆ ನಡುಪಟ್ಟಿಯ ಮೇಲೆ:
'... ಅಂಡ್ ಸನ್, ಬಾಂಬೆ.'
ಅಪ್ಪನನ್ನು ತುಕ್ಕು ತಿಂದಿದೆ, ಮಗ ಉಳಿದಿದ್ದಾನೆ.

ಹೊಟ್ಟೆ ಮಗುಚಿದೆ. ಕಿರೀಟದ ಮುದ್ರೆಯ ಪಕ್ಕ
ಮೂರು ಇಂಗ್ಲಿಷ್ ಶಬ್ದ: ನಾಟ್ ಫಾರ್ ಬಾಲ್.
ಒಂಟಿಗುಂಡು ತುಂಬಬೇಡ, ಚರೆ ಮಾತ್ರ, ತುದಿ ಕಿರಿದು.
ಹಾಗೆ ಒತ್ತಿದ್ದು ಹನ್ನೆರಡೇ ವರ್ಷ,
ಸಾವಿರದ ಎಂಟುನೂರ ಎಪ್ಪತ್ತೈದರಿಂದ ಎಂಬತ್ತೇಳು.
ಶಿವಾಜಿಗೆ ಇನ್ನೂರು ವರ್ಷ ತಡ.

'ಅದೇ, ಅದೇ' ಎಂದರು ಬಾಯಿ.
'ಮಾವ ಶಾಳೆಯ ಮಾಸ್ತರರಿಂದ ಓದಿಸಿದ್ದರು: ಚೆಂಡಿಗಲ್ಲ.
ಅಂದಿನಿಂದ ಕೋವಿ ತೂಗಿದ ಜಗಲಿಯಲ್ಲಿ
ನನ್ನ ಗಂಡ ಚೆಂಡಾಡಲಿಲ್ಲ, ಮೈದುನರು ಆಡಲಿಲ್ಲ.
ಅರ್ಗಾದಿಂದ ಲಾರಿಯಲ್ಲಿ ಬಂದಾಗ
ಕೋವಿಯ ಜೊತೆ ಆ ಕಟ್ಟಳೆಯೂ ಇಳಿಯಿತು.'
ನಾನು ನಗಲಿಲ್ಲ. ತಿದ್ದಲೂ ಇಲ್ಲ.

ಲೈಸೆನ್ಸಿನ ಪುಸ್ತಕದಲ್ಲಿ ಉದ್ದೇಶ: ಬೆಳೆ ರಕ್ಷಣೆ.
ಸರ್ವೆ ನಂಬರು ಎರಡು, ಎರಡೂ ಗೋಡೆಯೊಳಗೆ.
ಹಂದಿ ಈಗಲೂ ಬರುತ್ತಿರಬಹುದು;
ಕಾಯುವವರು ಬೇರೆ, ಅವರ ಕೋವಿಯೂ ಬೇರೆ.
'ಬೆಳೆ ಎಲ್ಲಿ?' ಎಂದನಂತೆ ಕಚೇರಿಯ ಗುಮಾಸ್ತ.
ಮಾರ್ಚಿನೊಳಗೆ ಮಾರು, ಇಲ್ಲವೇ ಠಾಣೆಗೆ ಒಪ್ಪಿಸು.

ಹುಳುಕಿನ ಲೆಕ್ಕ ಹೇಳಿ ದರ ಇಳಿಸಲು ನೋಡಿದೆ.
'ಡಾಕ್ಟರೇ, ನನ್ನ ಒಂದು ಹುಳುಕಿಗೆ
ಎಂಟುನೂರು ತೆಗೆದುಕೊಂಡಿರಿ.
ಇದರಲ್ಲಿ ಮೂರಿವೆ. ಕೂಡಿಸಿ.'
ಕೂಡಿಸಿದೆ.

ಕೊನೆಯ ಪರೀಕ್ಷೆ ಒಂದಿತ್ತು.
ಬರಿಯ ನಳಿಗೆಯನ್ನು ಬೆರಳಿಗೆ ತೂಗುಹಾಕಿ
ಗೆಣ್ಣಿನಿಂದ ತಟ್ಟಬೇಕು;
ಬೆಸುಗೆ ಬಿಟ್ಟಿದ್ದರೆ ಡಬ್ಬಿಯ ಸದ್ದು.
ಬಿಟ್ಟಿರಲಿಲ್ಲ. ನಾದ ಹೊರಟು
ಅಡಿಗೆಮನೆಯ ತನಕ ಹೋಗಿ ಪಾತ್ರೆಗಳನ್ನು ಮುಟ್ಟಿ ಬಂತು.
ಐಸ್‌ಕ್ಯಾಂಡಿಯವನೆಂದು ಪಕ್ಕದ ಮನೆಯವರು ಹೊರಬಂದರು.
ಬಾಯಿ ಕುಳಿತಲ್ಲೇ ಕುಳಿತಿದ್ದರು.
'ಇಷ್ಟು ವರ್ಷ ಇದು ಗೊತ್ತೇ ಇರಲಿಲ್ಲ.
ಇನ್ನೊಮ್ಮೆ ಬಾರಿಸಿ.'

ವರ್ಗಾವಣೆಯ ಕಾಗದ ಬಂದದ್ದು ಫೆಬ್ರುವರಿಯ ಕೊನೆಗೆ.
ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟರು, ಹಣ ಎಣಿಸಲಿಲ್ಲ.
ಮೊಮ್ಮಗ ಗೋಡೆಯ ಖಾಲಿ ಗೂಟ ನೋಡುತ್ತಿದ್ದ,
ಕೈಯಲ್ಲಿ ಹಸಿರು ರಬ್ಬರ್ ಚೆಂಡು.
ನನ್ನ ಸ್ಕೂಟರ್ ಶುರುವಾಗುವ ಮೊದಲೇ
ಹಿಂದಿನಿಂದ ಕೇಳಿತು, ಧಪ್.
ತುಸು ತಡೆದು,
ಇನ್ನೊಂದು.