ಬೆಳ್ಯಪ್ಪನವರ ಫ್ಲ್ಯಾಗು

ಶಾಲೆಯ ಬಾವುಟದ ಅಂಚು ಹರಿದಿದೆ ಎಂದು
ಹಿಡಿದುಕೊಂಡು ಬಂದವರು ಹವಾಲ್ದಾರ್ ಬೆಳ್ಯಪ್ಪ.
ಛತ್ರಿಯಡಿಯಲ್ಲಿ ತಾವು ಅರ್ಧ, ಬಾವುಟ ಪೂರ್ತಿ.
"ಸೈನಬಾ, ಫ್ಲ್ಯಾಗಿಗೆ ಎಷ್ಟು ಅರ್ಥ, ಗೊತ್ತಾ?"
ನನಗೆ ಗೊತ್ತಿರುವುದು ಮೀಟರಿಗೆ ಎಷ್ಟು ಎಂದು ಮಾತ್ರ, ಅಂದೆ.

ಅದು ಹನ್ನೊಂದು ಮಳೆಗಾಲದ ಹಿಂದೆ.
ವಿರಾಜಪೇಟೆಯ ಗಡಿಯಾರ ಕಂಬದ ಆಚೆ, ಓಣಿಯಲ್ಲಿ
ಮೆಷಿನ್ನಿಗಿಂತ ಒಂದು ಗೇಣು ಅಗಲದ ಅಂಗಡಿ.
ನಾನು ಹೊಲಿಯದ ಬಾವುಟವಿಲ್ಲ:
ಹಾಕಿ ಪಂದ್ಯಕ್ಕೆ ಮೂಲೆಗೊಂದು,
ಚುನಾವಣೆಗೆ ಮೂರೂ ಪಕ್ಷದ್ದು, ಒಂದೇ ಉಂಡೆ ನೂಲಿನಲ್ಲಿ,
ಉರೂಸಿಗೆ ಹಸಿರು,
ಆನೆ ಇಳಿಯುವ ದಾರಿಗೆ ಅರಣ್ಯದವರ ಕೆಂಪು ಚಿಂದಿ.
ಆನೆ ಅದನ್ನು ಓದುವುದಿಲ್ಲ. ಓದಬೇಕಾದವರೂ ಓದುವುದಿಲ್ಲ.
ರೈಲಿನ ಗಾರ್ಡಿನದು ಮಾತ್ರ ಹೊಲಿದಿಲ್ಲ,
ಈ ಜಿಲ್ಲೆಗೆ ಹಳಿಯೇ ಬಂದಿಲ್ಲವಲ್ಲ.

ಆಮೇಲೆ ಪ್ರತಿ ಆಗಸ್ಟಿಗೆ ಒಂದು ಅರ್ಥ ತರುತ್ತಿದ್ದರು,
ಕೂಲಿಯಲ್ಲಿ ಐದು ರೂಪಾಯಿ ಕಡಿಮೆ ಮಾಡಿಸಿ.

ನಾಪೋಕ್ಲು ಬಸ್ಸಿಗೆ ರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದರೆ
ಅದೂ ಫ್ಲ್ಯಾಗು.
ಆರು ಮೈಲಿ ನಡೆದವನ ಮೊಣಕಾಲು ಸಡಿಲವಾದರೆ
ಅದೂ.
ನಂಬಲಿಲ್ಲ ನಾನು. ಮಾರನೆಯ ಬೆಳಿಗ್ಗೆ ಮೈದಾನದಲ್ಲಿ
ಹಗ್ಗ ಎಳೆದರು, ಹೂವು ಉದುರಿತು, ಬಾವುಟ ಬಿಚ್ಚಿಕೊಳ್ಳಲಿಲ್ಲ.
ನೆಂದ ಮಗುವಿನ ಹಾಗೆ ಕಂಬವನ್ನು ಅಪ್ಪಿ
ಜೋತುಬಿತ್ತು.
ಮಕ್ಕಳು ಹಾಡಿದರು. ಮಳೆ ಮುಂದುವರಿಯಿತು.
ಒಂದೇ ಪದ ಎರಡೂ ಬಾಯಿಯಿಂದ ಮಾತಾಡುತ್ತಿತ್ತು.

ಇನ್ನೊಂದು ವರ್ಷ, ಅಂಗಳದ ಹಾಸುಗಲ್ಲು.
ಸಲಾಮು ಹೊಡೆಯುವುದಕ್ಕೂ ತುಳಿಯುವುದಕ್ಕೂ
ಒಂದೇ ಹೆಸರಿಟ್ಟವರು ಎಂಥ ಜನ! ನಕ್ಕೆ.
ಅವರು ನಗಲಿಲ್ಲ. ಸೂಜಿಡಬ್ಬಿಯ ಮುಚ್ಚಳ ತೆಗೆದರು, ಹಾಕಿದರು.
"ತಮ್ಮನ ಪೆಟ್ಟಿಗೆ ಇಳಿಸಿದ್ದು ಆ ಕಲ್ಲಿನ ಮೇಲೆಯೇ.
ಕೆಳಗೂ ಫ್ಲ್ಯಾಗು, ಮೇಲೂ ಫ್ಲ್ಯಾಗು,
ನಡುವೆ ನಮ್ಮ ಕಾಳಪ್ಪ."
ಆ ಸಲ ಐದು ರೂಪಾಯಿಯ ಮಾತೇ ಬರಲಿಲ್ಲ.

ಹೋದ ವರ್ಷದ್ದು ಗದ್ದೆ ಬದುವಿನ ಬಜೆ.
ಇಂಗ್ಲಿಷಿನವರು ಅದಕ್ಕೆ ಸಿಹಿ ಫ್ಲ್ಯಾಗು ಅನ್ನುತ್ತಾರಂತೆ.
ನನಗೆ ಮಾತು ಬರಲೆಂದು ಉಮ್ಮ
ಬಜೆಬೇರನ್ನು ಕಲ್ಲಿಗೆ ತೇಯ್ದು ನಾಲಿಗೆಗೆ ಸವರಿದ್ದಳು.
ಸಿಹಿ ಅಂದವನು ನೆಕ್ಕಿರಲಿಕ್ಕಿಲ್ಲ, ಅಂದೆ.
"ನನಗೂ ಸವರಿದ್ದರು," ಅಂದರು,
"ಅದಕ್ಕೇ ಇಷ್ಟು ಮಾತು."

ಈ ಆಗಸ್ಟಿಗೆ ಬಂದಾಗ ಜೊತೆಗೆ ಮೊಮ್ಮಗಳು.
ಜೂನಿನಲ್ಲಿ ಒಂದು ರಾತ್ರಿ ಅರ್ಧ ಮೈ ನಿಂತಿತು,
ಮಾತು ಪೂರ್ತಿ ನಿಂತಿತು, ಎಂದಳು ಅವಳು.
ಬಾವುಟ ಮಾತ್ರ ತಾವೇ ಎದೆಗೊತ್ತಿ ತಂದಿದ್ದರು.

ಹೊಲಿದು ಮುಗಿಸುವ ತನಕ ಮೋಟು ಬೆಂಚಿನ ಮೇಲೆ ಕೂತಿದ್ದರು.
ಕತ್ತರಿಸಿ ಉಳಿದ ಚೂರುಗಳಲ್ಲಿ ಎರಡನ್ನು ಆರಿಸಿ,
ಒಂದು ಕೆಂಪು, ಒಂದು ಬಿಳಿ,
ಎದ್ದು ನಿಂತರು.
ಸಿಗ್ನಲ್ಸಿನಲ್ಲಿದ್ದವರು, ಗುಡ್ಡದಿಂದ ಗುಡ್ಡಕ್ಕೆ
ಬಾವುಟದಲ್ಲಿ ಮಾತು ದಾಟಿಸಿದವರು.
ಎಡಗೈ ನೇರ ಮೇಲೆ ಹೋಯಿತು, ಓರೆಗೆ ಬಂತು, ಕೆಳಗಿಳಿಯಿತು.
ಬಲಗೈ ಸೊಂಟದ ತನಕ ಬಂದು ನಡುಗಿತು.
ಮತ್ತೆ ಮೊದಲಿನಿಂದ. ಮತ್ತೆ ಅಲ್ಲೇ.

ಓಣಿಯಲ್ಲಿ ಹೋಗುತ್ತಿದ್ದ ಆಟೋ ನಿಂತಿತು,
ತನಗೇ ಕೈ ಮಾಡಿದರೆಂದು.

ನನಗೆ ಆ ಭಾಷೆ ಬರುವುದಿಲ್ಲ.
ಹೊಸ ಅರ್ಥವೊಂದನ್ನು ಹೇಳುತ್ತಿದ್ದರೋ,
ಐದು ರೂಪಾಯಿ ಕಡಿಮೆ ಮಾಡು ಅಂದರೋ.

ಮಾಡಿದೆ.