ಪೆಡಲ್ ರಬ್ಬರ್

ಮೀಟರಿನಲ್ಲಿ ನಲವತ್ತೆರಡು ಸಾವಿರವಿತ್ತು.
ಜಬಿವುಲ್ಲಾ ಅದನ್ನು ನೋಡಲೇ ಇಲ್ಲ.
ಬಾಗಿಲು ತೆಗೆದು ಕುಕ್ಕರಗಾಲಲ್ಲಿ ಕೂತು
ಬ್ರೇಕ್ ಪೆಡಲ್ಲಿಗೆ ಬ್ಯಾಟರಿ ಬಿಟ್ಟ.
"ಇಲ್ನೋಡಿ ಅಕ್ಕ, ರಬ್ಬರಿನ ಗೆರೆ ಒಂದೂ ಉಳಿದಿಲ್ಲ,
ಸೊಸೈಟಿ ಅಂಗಡಿ ಮಿಷನ್ನಿಗೆ ಸಿಗದ ಅಜ್ಜಿ ಹೆಬ್ಬೆಟ್ಟು ಇದು.
ಕಮ್ಮಿ ಅಂದ್ರೂ ಒಂದೂವರೆ ಲಕ್ಷ ಓಡಿದೆ."

ಆಗಲೇ ದುಡ್ಡು ಕೊಟ್ಟಾಗಿತ್ತು.
ನನ್ನ ಎರಡು ಚೀಟಿ, ಅತ್ತೆಯ ಬೆಂಡೋಲೆ,
ಗುತ್ಯಪ್ಪನ ಆರು ತಿಂಗಳ ಓಟಿ.
ದುರ್ಗಿಗುಡಿಯಲ್ಲಿ ಹದಿನಾರು ವರ್ಷ ಹೊಲಿದ ಬೆರಳು,
ಬಟ್ಟೆ ಎಲ್ಲಿ ತೆಳುವಾಗಿದೆ ಅಂತ ಕತ್ತಲಲ್ಲೂ ಹೇಳುತ್ತೆ.
ತಗಡಿನ ಮೇಲೆ ಮೂಕವಾಯ್ತು.

ಅಳತೆ ಪುಸ್ತಕದ ಹಿಂದಿನ ಪುಟದಿಂದ ಕಾರಿನ ಲೆಕ್ಕ.
ಮುಂದಿನಿಂದ ಎದೆ ಮೂವತ್ತಾರು, ತೋಳು ಹತ್ತು, ಕುತ್ತಿಗೆ ದೋಣಿ;
ಹಿಂದಿನಿಂದ ಬ್ಯಾಟರಿ ನಾಲ್ಕೂವರೆ ಸಾವಿರ,
ಇನ್ಶೂರೆನ್ಸು, ಹೊಗೆ ಚೀಟಿ, ಎರಡು ಟಯರು,
ಹಿಂದಿನ ಎಡ ಬಾಗಿಲಿನ ಹಿಡಿ
(ಅದು ಈಗಲೂ ಒಳಗಿನಿಂದ ಮಾತ್ರ ತೆಗೆಯುತ್ತೆ).
ಎರಡೂ ಲೆಕ್ಕ ಬಂದು
ನಡುವಿನ ಪಿನ್ನಿನ ಹತ್ತಿರ ಮುಖಾಮುಖಿ ನಿಂತಿವೆ.

ಇಲಿ ವೈರು ಕಡಿದ ವಾರ
ಎಡಕ್ಕೆ ಇಂಡಿಕೇಟರ್ ಹಾಕಿದರೆ ವೈಪರ್ ಏಳುತ್ತಿತ್ತು.
ಅತ್ತೆ ಬಾನೆಟ್ಟಿನೊಳಗೆ ನುಸಿಗುಳಿಗೆ ಕಟ್ಟಿದರು.
ತುಂಗೆಯ ಸೇತುವೆ ಮೇಲೆ ನಮ್ಮ ಹಿಂದೆ ಬರುವವರಿಗೆಲ್ಲ
ಸೀರೆ ಪೆಟ್ಟಿಗೆಯ ವಾಸನೆ.

ಕುಂದಾಪುರದಿಂದ ಬರುವಾಗ, ಹುಲಿಕಲ್ ಘಾಟಿಯಲ್ಲಿ,
ಟೆರಿಲಿನ್ ಮೇಲೆ ಇಸ್ತ್ರಿ ಮರೆತಂಥ ಘಾಟು.
ಎಲ್ಲರೂ ಇಳಿದೆವು.
ಚಿಕ್ಕವಳು ಚಕ್ರಕ್ಕೆ ಕೊಡಲು ಕಲ್ಲು ಹೊತ್ತುಕೊಂಡು ಹಿಂದೆ ಹಿಂದೆ,
ಗುತ್ಯಪ್ಪ ಒಬ್ಬನೇ ಒಳಗೆ, ಒಂದೊಂದು ಮಾರು ಮೇಲಕ್ಕೆ.
ಕ್ಲಚ್ ಪ್ಲೇಟು, ಬೇರಿಂಗು, ಕೂಲಿ: ಏಳು ಸಾವಿರದ ಇನ್ನೂರು.
ಸ್ಟಾರ್ಟ್ ಆಗದ ದಿನಗಳೆಲ್ಲ ಪುಸ್ತಕದಲ್ಲಿವೆ.
ಆದ ದಿನಗಳನ್ನು
ಯಾರೂ ಬರೆದಿಟ್ಟಿಲ್ಲ.

ಈ ಮಾರ್ಚಿಗೆ ಗಾಡಿಗೆ ಹದಿನೈದು.
ಆರ್‌ಟಿಓ ಕಟ್ಟಬೇಕು, ಕೆಳಗಿನ ತುಕ್ಕಿಗೆ ಬೆಸುಗೆ ಹಾಕಿಸಬೇಕು.
ಮಾರಿಬಿಡುವಾ ಅಂದ ಗುತ್ಯಪ್ಪ.
ಬ್ರೋಕರ್ ಟೀಕೋಜಿ ರಾವ್ ಬಂದು ಒಂದು ಸುತ್ತು ಹಾಕಿ,
"ಪೆಡಲ್ಲಿಗೆ ಹೊಸ ರಬ್ಬರ್ ಹಾಕಿಸಿ ಅಕ್ಕಾವ್ರೇ,
ನೂರಿಪ್ಪತ್ತು ರೂಪಾಯಿ. ಹತ್ತು ಸಾವಿರ ಮೇಲೆ ಬರುತ್ತೆ."
ನಾಲ್ಕು ವರ್ಷದಲ್ಲಿ ಇಷ್ಟು ಅಗ್ಗದ ರಿಪೇರಿ
ಯಾರೂ ಹೇಳಿರಲಿಲ್ಲ. ತಂದೆ ಕೂಡ.

ನಾನೂ ಕಾಲರ್ ಮಗುಚಿ ಹೊಲಿಯುವವಳೇ.
ಸವೆದ ಮಗ್ಗುಲು ಒಳಗೆ, ಸವೆಯದ್ದು ಹೊರಗೆ;
ಮೇಷ್ಟ್ರು ಇನ್ನೆರಡು ವರ್ಷ ತೊಡುತ್ತಾರೆ.
ಆದರೆ ಅಂಗಿ ಅವರದು.
ಒಳಗೇನಿದೆ ಅಂತ ಅವರ ಕುತ್ತಿಗೆಗೆ ಗೊತ್ತು.

ಭಾನುವಾರ ಹೊಳೆಹೊನ್ನೂರಿನಿಂದ ಗಂಡ ಹೆಂಡತಿ ಬಂದರು.
ಆತ ಬಾನೆಟ್ಟೆತ್ತಿ, ಡಾಕ್ಟರ ಹಾಗೆ ಮುಖ ಮಾಡಿ ಆಲಿಸಿದ.
ಆಕೆ ಏನೂ ಕೇಳಲಿಲ್ಲ.
ಹಿಂದಿನ ಸೀಟಿನ ಮೇಲೆ ಕೂಸನ್ನು ಉದ್ದಕ್ಕೆ ಮಲಗಿಸಿ
ಕಾಲ ಹತ್ತಿರ ಎಷ್ಟು ಜಾಗ ಉಳಿಯಿತು ಅಂತ
ಗೇಣು ಹಾಕಿ ನೋಡಿದಳು.

"ಅರವತ್ತೊಂಬತ್ತೇ ಓಡಿರೋದಾ?" ಅಂದ ಆತ, ಮೀಟರ್ ನೋಡಿ.
ಟೀಕೋಜಿ ರಾವ್ ಬಾಯಿ ತೆರೆಯುವ ಮೊದಲು
ನನ್ನದು ತೆರೆದುಬಿಟ್ಟಿತ್ತು:
"ಕಾಲ ಕೆಳಗೆ ನೋಡಿ."

ಬುಧವಾರ ಫೋನ್ ಮಾಡ್ತೀವಿ ಅಂದರು. ಇವತ್ತು ಶನಿವಾರ.
ಗುತ್ಯಪ್ಪ ಸಾರು ಬೇಕಾದರೂ
ಮಗಳ ಕೈಲಿ ಹೇಳಿಸುತ್ತಾನೆ.
ತಂದ ರಬ್ಬರ್ ದಂಡ ಯಾಕೆ ಅಂತ
ಹೊಲಿಗೆ ಮಿಷನ್ನಿನ ಕಾಲ್ಮಣೆಗೆ ಸಿಕ್ಕಿಸಿದ್ದೇನೆ.
ಅಳತೆ ಹೊಂದುವುದಿಲ್ಲ.
ಎರಡು ಬ್ಲೌಸಿಗೊಮ್ಮೆ ಜಾರುತ್ತದೆ,
ಬಗ್ಗಿ ಎತ್ತಿ
ಮತ್ತೆ ಕೂರಿಸುತ್ತೇನೆ.